ಫಿರ್ಯಾದಿಯ ಗಂಡ

ಬೆಂಡೋಲೆ ಕದ್ದದ್ದು ಅವಳೇ. ಅದರಲ್ಲಿ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ಆದರೆ ಸಬ್ ಇನ್‌ಸ್ಪೆಕ್ಟರು ಅವಳನ್ನು ಬಿಟ್ಟು ಕಳಿಸಿದ್ದು ಲಂಚಕ್ಕಲ್ಲ, ಅವಳ ಮೇಲಿನ ಮೋಹಕ್ಕಲ್ಲ, ಹೆಂಡತಿಯ ಮೇಲಿನ ಸಿಟ್ಟಿಗೂ ಅಲ್ಲ. ಬಿಡಬೇಕಾಗಿತ್ತು, ಬಿಟ್ಟರು. ಹೊಸನಗರದವರು ಇದಕ್ಕೆ ರೆಕ್ಕೆಪುಕ್ಕ ಕಟ್ಟಿ ಏನೇನೋ ಹೇಳುತ್ತಾರೆ. ಅವರಲ್ಲಿ ಒಬ್ಬರೂ ಆ ದಿನ ಠಾಣೆಯಲ್ಲಿ ಇರಲಿಲ್ಲ. ನಾನಿದ್ದೆ.

ಆ ಸಬ್ ಇನ್‌ಸ್ಪೆಕ್ಟರು ತೀರಿಕೊಂಡರೆಂದು ಮೊನ್ನೆ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಗೊತ್ತಾಯಿತು. ಹಿಂದೆ ನಮ್ಮೂರ ಠಾಣೆಯಲ್ಲಿ ಕಾನ್‌ಸ್ಟೇಬಲ್ ಆಗಿದ್ದವನೊಬ್ಬ ಗುರುತು ಹಿಡಿದು ಹತ್ತಿರ ಬಂದ. ಈಗ ಅವನಿಗೂ ಹಲ್ಲಿಲ್ಲ.

"ಅಕ್ಕಾ, ನಮ್ ಲಾ ಮೇಷ್ಟ್ರು ಹೋದ್ರಂತೆ, ಗೊತ್ತಾಯ್ತಾ?" ಎಂದ. ನಾನು ಏನಾದರೂ ಹೇಳುವ ಮೊದಲೇ ದನಿ ತಗ್ಗಿಸಿ, "ಅಲ್ಲಾ, ಆ ಬೆಂಡೋಲೆ ಹೆಂಗಸಿನ ಹತ್ರ ಅವ್ರು ಎಷ್ಟು ತಿಂದಿದ್ರಂತೆ?" ಎಂದು ಕೇಳಿದ.

"ನಿನ್ ತಲೆ. ಅವಳ ಹತ್ರ ಅವಳಿಗೇ ತಿನ್ನೋಕೆ ಗಂಜಿ ಇರ್ಲಿಲ್ಲ. ಇವ್ರಿಗೆ ಎಂತ ತಿನ್ಸ್ತಾಳೆ?" ಎಂದೆ. ಅವನು ಹೇಳಿದ ಉಳಿದ ಸುದ್ದಿ ಕೇಳಿ ಬಸ್ಸು ಹತ್ತಿದೆ. ಸತ್ತ ಮೇಲೂ ಇದನ್ನೇ ಮಾತಾಡುತ್ತಾರಲ್ಲ ಎನಿಸಿತು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೆಯ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ. ಅವರ ಹೆಸರು ಬರೆಯುವುದಿಲ್ಲ, ಮಕ್ಕಳು ಇದ್ದಾರೆ. ಆ ಹೆಂಗಸಿನ ಹೆಸರೂ ಬರೆಯುವುದಿಲ್ಲ, ಅವಳ ಕಡೆಯವರು ಊರಲ್ಲೇ ಇದ್ದಾರೆ.

ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಶರಾವತಿ ನೀರು ತುಂಬುತ್ತಿದ್ದ ಕಾಲ ಅದು. ಮುಳುಗಡೆಯಾದ ಊರುಗಳ ಜನ ಸಾಮಾನು ಹೊತ್ತುಕೊಂಡು ಸಿಕ್ಕಸಿಕ್ಕಲ್ಲಿ ಬಿಡಾರ ಹೂಡಿದ್ದರು. ನನ್ನ ಯಜಮಾನರು ಅಣೆಕಟ್ಟಿನ ಕೆಲಸದಲ್ಲಿದ್ದರು, ಮನೆಗೆ ಬರುವುದು ಅಪರೂಪ. ನಾನೂ ನನ್ನ ಅತ್ತೆಯೂ ಹೊಸನಗರದಲ್ಲಿ ಪೊಲೀಸ್ ಠಾಣೆಯ ಹಿಂದೆ ಒಂದು ಊಟದ ಮೆಸ್ಸು ನಡೆಸುತ್ತಿದ್ದೆವು. ಠಾಣೆಯವರೆಲ್ಲ ನಮ್ಮಲ್ಲೇ ಉಣ್ಣುತ್ತಿದ್ದರು. ಲಾಕಪ್ಪಿನಲ್ಲಿ ಇದ್ದವರಿಗೂ ನಮ್ಮಲ್ಲಿಂದಲೇ ಊಟ ಹೋಗುತ್ತಿತ್ತು.

ಈ ಸಬ್ ಇನ್‌ಸ್ಪೆಕ್ಟರು ಬಂದ ಮೇಲೆ ಊಟದ ಜೊತೆಗೆ ಪಾಠವೂ ನಮ್ಮಲ್ಲೇ ಶುರುವಾಯಿತು. ಹೊಸದಾಗಿ ಸೇರಿ ಕೆಲಸ ಕಲಿಯುತ್ತಿದ್ದ ಹುಡುಗರಿಗೆ ಕಾನೂನು ಹೇಳಿಕೊಡುವ ಜವಾಬ್ದಾರಿ ಅವರ ಮೇಲೆ ಬಿದ್ದಿತ್ತು. ನಮ್ಮ ಠಾಣೆಯಲ್ಲಿ ಒಬ್ಬನಿದ್ದ, ಬಿ.ಎ. ಮಾಡಿದವನು, ಬಯಲುಸೀಮೆಯ ಕಡೆಯವನು. ಸಾಗರದಿಂದ ಒಬ್ಬ, ತೀರ್ಥಹಳ್ಳಿಯಿಂದ ಒಬ್ಬ ಶನಿವಾರ ಬಸ್ಸಿಗೆ ಬರುತ್ತಿದ್ದರು. ಠಾಣೆಯಲ್ಲಿ ಕೂರಲು ಜಾಗವಿಲ್ಲ. ಮಧ್ಯಾಹ್ನದ ಪಂಕ್ತಿ ಎದ್ದ ಮೇಲೆ ನಮ್ಮ ಜಗಲಿ ಗುಡಿಸಿ ಚಾಪೆ ಹಾಕುತ್ತಿದ್ದೆ. ಅವರು ಅಲ್ಲಿ, ನಾನು ಒಳಗೆ ರುಬ್ಬುವ ಕಲ್ಲಿನ ಮುಂದೆ. ನಡುವೆ ಬಾಗಿಲಿರಲಿಲ್ಲ. ಹಾಗಾಗಿ ಆ ಪಾಠ ನನಗೂ ಆಯಿತು.

ಅವರು ನೋಡಲು ಏನೂ ಇರಲಿಲ್ಲ. ಗಿಡ್ಡ ಆಳು. ನಶ್ಯ ಏರಿಸುತ್ತಿದ್ದರು, ಖಾಕಿಯ ಎದೆಯ ಮೇಲೆ ಯಾವಾಗಲೂ ಅದರ ಪುಡಿ. ನಾನು ಎಂಥ ಸಾರು ಮಾಡಿದರೂ ಒಂದು ದಿನವೂ ಚೆನ್ನಾಗಿದೆ ಅನ್ನಲಿಲ್ಲ. ಬಾಯಲ್ಲಿ ಅನ್ನ ಇಟ್ಟುಕೊಂಡೇ ಮಾತಾಡುವರು. ಯಾರ ಮನೆಯಲ್ಲಿ ಸಾವಾಗಲಿ ನೋವಾಗಲಿ, ಒಂದು ಒಳ್ಳೆಯ ಮಾತು ಆಡಲು ಬರುತ್ತಿರಲಿಲ್ಲ. ಆದರೆ ಎಲೆಯ ಮುಂದೆ ಕೂತವರು ಕೈ ಹಾಕುವ ಮೊದಲು, "ಒಳಗಿರೋನಿಗೆ ಊಟ ಹೋಯ್ತಾ?" ಎಂದು ಕೇಳದೆ ತುತ್ತು ಎತ್ತುತ್ತಿರಲಿಲ್ಲ. ಹೋಗಿಲ್ಲ ಎಂದರೆ ಕೈ ಮಡಚಿ ಕೂರುವರು. ಇದು ದಯೆ ಎಂದು ನಾನು ಮೊದಲು ತಿಳಿದಿದ್ದೆ. ದಯೆಯಲ್ಲ, ಅದು ಅವರಿಗೆ ಅಭ್ಯಾಸ, ಚಪ್ಪಲಿ ಬಿಟ್ಟು ಒಳಗೆ ಬಂದ ಹಾಗೆ.

ಅವರ ಬಾಯಲ್ಲಿ 'ಕಳ್ಳ' ಎಂಬ ಮಾತು ಬರುತ್ತಿರಲಿಲ್ಲ. 'ಆಪಾದಿತ' ಎನ್ನುವರು. ಒಂದು ದಿನ ಬೆಕ್ಕು ಹಾಲು ಕುಡಿಯಿತೆಂದು ನಾನು ಕಟ್ಟಿಗೆ ಹಿಡಿದು ಓಡಿಸುತ್ತಿದ್ದೆ.

"ಆಪಾದಿತ ಬೆಕ್ಕು ಹಾಲು ಕುಡಿದಿದ್ದನ್ನ ನೀವು ನೋಡಿದ್ರಾ?" ಎಂದರು.

"ಮೀಸೆ ಮೇಲೆ ಹಾಲಿದೆ ಸಾಹೇಬ್ರೆ."

"ಹಾಗಾದ್ರೆ ಸರಿ, ಹೊಡೀರಿ," ಎಂದು ಮತ್ತೆ ಪಾಠಕ್ಕೆ ತಿರುಗಿದರು. ನಗಲಿಲ್ಲ. ತಮಾಷೆಗೆ ಹೇಳಿದರೋ ನಿಜವಾಗಿ ಕೇಳಿದರೋ ಇವತ್ತಿಗೂ ನನಗೆ ತಿಳಿಯದು.

ಪಾಠ ಮಾಡುವ ರೀತಿ ಬೇರೆಯೇ. ಒಬ್ಬನನ್ನು ಹಿಡಿಯುವುದು ಹೇಗೆಂದು ಕಲಿಸುವ ಮೊದಲು ಪ್ರತಿ ಹುಡುಗನನ್ನೂ ಒಮ್ಮೆ ಹಿಡಿಸುತ್ತಿದ್ದರು. ತೀರ್ಥಹಳ್ಳಿಯವನು ನಮ್ಮ ಮೆಸ್ಸಿನ ಕೊಬ್ಬರಿ ಮಿಠಾಯಿ ಕದ್ದನೆಂದು ಇಟ್ಟುಕೊಳ್ಳಿ. ಬಿ.ಎ. ಹುಡುಗ ಅವನ ಹೆಗಲ ಮೇಲೆ ಕೈ ಇಡಬೇಕು. ಅವನು, "ಯಾಕೆ ಹಿಡೀತೀರಿ?" ಎಂದು ಕೇಳಬೇಕು. ಇವನು ಕಾರಣ ಹೇಳಬೇಕು.

ಮೊದಲ ದಿನ ಬಿ.ಎ. ಹುಡುಗ, "ಮೇಲಿನವರ ಆರ್ಡರು," ಎಂದ.

"ಮೇಲಿನವರು ಅಂದ್ರೆ ಯಾರಪ್ಪಾ? ದೇವರಾ?" ಎಂದರು ಇವರು. "ಕಾರಣ ಹೇಳದೆ ಒಬ್ಬರನ್ನ ಹಿಡಿಯೋ ಹಾಗಿಲ್ಲ. ಇದು ನನ್ನ ಮಾತಲ್ಲ, ನಿನ್ನ ಐ.ಜಿ. ಮಾತೂ ಅಲ್ಲ. ಸಂವಿಧಾನದ ಮಾತು."

ಮಿಠಾಯಿ ಕದ್ದವನನ್ನು ಆಮೇಲೆ ನಿಜವಾಗಿಯೂ ಲಾಕಪ್ಪಿಗೆ ಹಾಕಿ ಬೀಗ ಜಡಿದರು. ನಾವು ಊಟ ಕಳಿಸುವುದನ್ನು ಬೇಕೆಂದೇ ತಡ ಮಾಡಿಸಿದರು. ಹೊರಗೆ ಬಂದ ಹುಡುಗನ ಮುಖ ನೋಡಬೇಕಿತ್ತು. "ಹೆಂಗಿತ್ತೋ?" ಎಂದು ಉಳಿದವರು ಕಿಚಾಯಿಸಿದರೆ, "ಗಡಿಯಾರ ಕಾಣೋದಿಲ್ಲ ಕಣ್ರೋ ಒಳಗಿಂದ," ಎಂದ. ಇವರು ಅದಕ್ಕೆ ತಲೆಯಾಡಿಸಿದರು. ಅವರು ಯಾರನ್ನಾದರೂ ಹೊಗಳಿದ್ದನ್ನು ನಾನು ಕಂಡಿದ್ದು ಅಷ್ಟೇ.

ಒಂದು ದಿನ ನಾನೇ ಕೇಳಿದೆ, "ಸಾಹೇಬ್ರೆ, ಈ ಸಂವಿಧಾನ ಅಂದ್ರೆ ಎಂತ? ದಿನಾ ಕೇಳಿ ಕೇಳಿ ಸಾಕಾಯ್ತು."

"ನಿಮ್ಮ ಮೆಸ್ಸಲ್ಲಿ ಮೊದಲ ಪಂಕ್ತಿಗೂ ಕೊನೇ ಪಂಕ್ತಿಗೂ ಒಂದೇ ಸಾರು ತಾನೇ?"

"ಇಲ್ಲಪ್ಪ. ಕೊನೇ ಪಂಕ್ತಿಗೆ ನೀರು ಹಾಕ್ತೀನಿ."

ಹುಡುಗರು ಬಿದ್ದು ಬಿದ್ದು ನಕ್ಕರು. ಇವರು ನಶ್ಯದ ಡಬ್ಬಿ ಮುಚ್ಚಿ, "ಅದನ್ನ ಮಾಡಬೇಡಿ ಅನ್ನೋದೇ ಸಂವಿಧಾನ," ಎಂದರು. ನಾನು ಮಾಡುವುದನ್ನು ಬಿಡಲಿಲ್ಲ. ಸಾರು ಸಾಲದಿದ್ದರೆ ಸಂವಿಧಾನ ಬಂದು ಬೇಳೆ ಬೇಯಿಸುತ್ತದೆಯೇ? ಆದರೆ ಅಂದಿನಿಂದ ಸೌಟು ಎತ್ತುವಾಗಲೆಲ್ಲ ಆ ಮಾತು ನೆನಪಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಕೇಳಿ ಕೇಳಿ ನನಗೆ ಕೆಲವು ಬಾಯಿಗೆ ಬಂದವು. ಹಿಡಿದವರನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ದಾರಿಯ ಹೊತ್ತು ಲೆಕ್ಕಕ್ಕಿಲ್ಲ. ಹೆಂಗಸಿನ ಮೈ ಹುಡುಕುವುದಾದರೆ ಹೆಂಗಸೇ ಹುಡುಕಬೇಕು, ಮರ್ಯಾದೆಯಿಂದ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿಗೆ ಸಲ್ಲದು. ಈ ಕೊನೆಯದು ಮಾತ್ರ ನನ್ನ ತಲೆಗೆ ಹತ್ತುತ್ತಿರಲಿಲ್ಲ. ಅವನೇ ಹೌದೆಂದರೆ ಮತ್ತೆ ಎಂತ ಬೇಕು? ಬಿ.ಎ. ಹುಡುಗನಿಗೂ ಅದು ಹತ್ತಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಆ ಹೆಂಗಸು ಸಾಹೇಬರ ಮನೆಯಲ್ಲಿ ಪಾತ್ರೆ ಬಟ್ಟೆ ಮಾಡುತ್ತಿದ್ದಳು. ಮುಳುಗಡೆಯ ಊರಿನವಳು. ಗಂಡ ಘಟ್ಟದ ಕೆಳಗೆ ಕೂಲಿಗೆ ಹೋದವನು ತಿರುಗಿ ನೋಡಿರಲಿಲ್ಲ. ಬಾಯಿ ಜೋರು. ಕೈ ಚುರುಕು. ಪಾಪದವಳು ಎಂದು ಯಾರೂ ಅವಳನ್ನು ಕಂಡು ಮರುಗುವ ಹಾಗಿರಲಿಲ್ಲ.

ಸಾಹೇಬರು ಒಂದು ಕೇಸಿನ ಸಾಕ್ಷಿಗೆಂದು ತೀರ್ಥಹಳ್ಳಿಗೆ ಹೋದಾಗ ಅವರ ಹೆಂಡತಿಯ ಬೆಂಡೋಲೆ ಕಾಣೆಯಾಯಿತು. ತವರಿನಲ್ಲಿ ಕೊಟ್ಟದ್ದು. ತಲೆಗೆ ಎರೆದುಕೊಳ್ಳುವಾಗ ಬಚ್ಚಲಿನ ಗೂಡಿನಲ್ಲಿ ಬಿಚ್ಚಿಟ್ಟಿದ್ದರಂತೆ. ಆಕೆ ಅತ್ತುಕೊಂಡು ಠಾಣೆಗೆ ಬಂದರು. ಠಾಣೆಯಲ್ಲಿ ಇದ್ದದ್ದು ಬಿ.ಎ. ಹುಡುಗ. ಗುರುಗಳ ಮನೆಯ ಚಿನ್ನ! ಅವರು ತಿರುಗಿ ಬರುವುದರೊಳಗೆ ಹಿಡಿದುಕೊಟ್ಟು ಭೇಷ್ ಅನ್ನಿಸಿಕೊಳ್ಳಬೇಕೆಂದು ಅವನಿಗೆ ಹುಮ್ಮಸ್ಸು ಬಂತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಹಿತ್ತಲ ಬಾಗಿಲಿಗೆ ಬಂದ.

"ಅಕ್ಕಾ, ಒಂದು ಸರ್ಚ್ ಮಾಡಿಕೊಡ್ಬೇಕಿತ್ತು."

"ಎಂತ ಸರ್ಚು?"

"ಹೆಂಗ್ಸಕ್ಕಾ. ಹೆಂಗ್ಸೇ ಮಾಡ್ಬೇಕು. ಸಾರ್ ಹೇಳಿದಾರಲ್ಲ." ಅಷ್ಟು ನೆನಪಿಟ್ಟುಕೊಂಡಿದ್ದಕ್ಕೆ ಅವನಿಗೇ ಹೆಮ್ಮೆ.

ಠಾಣೆಯ ಹಿಂದಿನ ಕೋಣೆಗೆ ನನ್ನನ್ನೂ, ಹಿಡಿದು ತಂದಿದ್ದ ಆ ಕೆಲಸದವಳನ್ನೂ ಬಿಟ್ಟು ಬಾಗಿಲು ಎಳೆದುಕೊಂಡು ಹೊರಗೆ ನಿಂತ. ಅವಳ ಒಂದು ಕೆನ್ನೆ ಊದಿತ್ತು. ನಾನು ಸೆರಗಿನ ಗಂಟು ಬಿಚ್ಚಿದೆ, ತುರುಬು ಬಿಚ್ಚಿ ನೋಡಿದೆ. ಏನೂ ಇಲ್ಲ. ಅವಳು ನನ್ನ ಕಿವಿಯ ಹತ್ತಿರ ಬಾಗಿ ಹೇಳಿದಳು.

"ಹುಡುಕ್ಬ್ಯಾಡಿ ಅಕ್ಕಾ. ತಗಂಡಿದ್ದು ನಾನೇಯ. ಇಲ್ಲಿಲ್ಲ ಅದು."

"ಮತ್ತೆಲ್ಲಿಟ್ಟಿದ್ದೀ ಮಾರಾಯ್ತಿ?"

"ಅದನ್ನ ಹೇಳಂಗಿದ್ರೆ ತಗಳದು ಎಂತಕ್ಕೆ?"

ನನಗೆ ನಗು ಬಂತು. ಆ ಜಾಗದಲ್ಲಿ ನಗು ಬರಬಾರದು, ಬಂತು. ಹೊರಗೆ ಬಂದೆ. "ಸಿಕ್ತಾ?" ಎಂದ ಹುಡುಗ. "ಇಲ್ಲ," ಎಂದೆ. ಉಳಿದದ್ದನ್ನು ಸಾಹೇಬರಿಗೇ ಹೇಳೋಣ, ಚಿನ್ನ ಅವರದ್ದು ಎಂದು ಸುಮ್ಮನಾದೆ.

ಹುಡುಗನ ಮುಂದೂ ಅವಳು ಹೌದು ಹೌದು ಎಂದಿದ್ದಳು. ಪೆಟ್ಟು ಬಿದ್ದರೆ ಯಾರಾದರೂ ಹೌದು ಅನ್ನುತ್ತಾರೆ. ಎಲ್ಲಿ ಎಂದರೆ ಒಮ್ಮೆ ಬಾವಿ ಎಂದಳು. ಇನ್ನೊಮ್ಮೆ ಸಾಹೇಬರ ಮನೆಯ ಪಕ್ಕದ ಗೊಬ್ಬರದ ಗುಂಡಿ ಎಂದಳು. ಮರುದಿನವಿಡೀ ಬಿ.ಎ. ಹುಡುಗ ಇಬ್ಬರು ಕಾನ್‌ಸ್ಟೇಬಲ್‌ಗಳ ಜೊತೆ ನಿಂತು ಗೊಬ್ಬರ ತೋಡಿಸಿದ. ಮಧ್ಯಾಹ್ನ ಊಟಕ್ಕೆ ಬಂದಾಗ ನನ್ನ ಅತ್ತೆ ಮೂಗು ಮುಚ್ಚಿಕೊಂಡು, "ಜಗಲೀಲೇ ಉಣ್ಣಿ ಮಾರಾಯ್ರೆ, ಒಳಗೆ ದೇವರಿದೆ," ಎಂದರು. ಠಾಣೆಗೆ ಊಟ ಕೊಂಡುಹೋದಾಗ ಅವಳು ಗೋಡೆಗೆ ಒರಗಿ ಕೂತಿದ್ದಳು. "ಇನ್ನೂ ತೋಡ್ತಿದಾರಾ?" ಎಂದು ಕೇಳಿದಳು.

ಅದರ ಮರುದಿನ ಮಧ್ಯಾಹ್ನ ಸಾಹೇಬರು ತೀರ್ಥಹಳ್ಳಿ ಬಸ್ಸಿನಿಂದ ಇಳಿದು, ಮನೆಗೂ ಹೋಗದೆ ನೇರ ಕಾಫಿಗೆ ನಮ್ಮಲ್ಲಿಗೆ ಬಂದರು. ಲೋಟ ಮುಂದಿಟ್ಟು, "ನಿಮ್ಮನೆ ಬೆಂಡೋಲೆ ಕಳ್ವಾಗಿದೆ," ಎಂದೆ. "ಹೌದಾ," ಎಂದು ಒಂದು ಗುಟುಕು ಕುಡಿದರು.

"ಕೆಲಸದವಳನ್ನ ಹಿಡ್ಕಂಡು ಬಂದು ಕೂರ್ಸಿದಾರೆ."

ಲೋಟ ಬಾಯಿಯ ಹತ್ತಿರವೇ ನಿಂತಿತು. ಬೆಂಡೋಲೆ ಸಿಕ್ಕಿತೋ ಎಂದು ಕೇಳಲಿಲ್ಲ. "ಯಾವಾಗಿಂದ?" ಎಂದರು.

"ಮೊನ್ನೆ ಸಂಜೆಯಿಂದ."

ಲೋಟ ಕೆಳಗಿಟ್ಟರು. ಅವರು ಕಾಫಿ ಉಳಿಸಿ ಎದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ತಡೀರಿ ಸಾಹೇಬ್ರೆ, ಒಂದ್ ಮಾತು. ಅವಳು ನನ್ನತ್ರ—"

"ನಿಲ್ಲಿಸಿ. ಎಲ್ಲಿ ಹೇಳಿದ್ದು?"

"ಠಾಣೆ ಕೋಣೇಲಿ. ನಾನು ಹುಡುಕೋವಾಗ."

"ಹಾಗಾದ್ರೆ ನನಗೆ ಹೇಳಬೇಡಿ. ಪೊಲೀಸರ ವಶದಲ್ಲಿದ್ದಾಗ ಹೇಳಿದ ತಪ್ಪೊಪ್ಪಿಗೆ, ಯಾರ ಹತ್ತಿರ ಹೇಳಿದ್ರೂ ಸಲ್ಲೋದಿಲ್ಲ. ಮ್ಯಾಜಿಸ್ಟ್ರೇಟರು ಎದುರಿಗೆ ಇರಬೇಕು."

"ನಾನೆಂತ ಪೊಲೀಸಾ?"

"ನೀವಲ್ಲ. ಬಾಗಿಲ ಹೊರಗೆ ನಿಂತಿದ್ದು ಯಾರು?"

"ಅಲ್ಲಾ, ನಿಮ್ಮನೇದೇ ಚಿನ್ನ, ಸಾಹೇಬ್ರೆ!"

"ಅದಕ್ಕೇ," ಎಂದು ಹೊರಟರು. ನಾನು ಅವಳ ಊಟದ ಪಾತ್ರೆ ತರುವ ನೆಪದಲ್ಲಿ ಹಿಂದೆಯೇ ಹೋದೆ. ನಿಜ ಹೇಳುವುದಾದರೆ, ಈ ಮನುಷ್ಯ ಈಗ ಎಂತ ಮಾಡುತ್ತಾನೆ ನೋಡಬೇಕಿತ್ತು. ಬೇರೆಯವರ ಬೆಂಡೋಲೆಗೆ ಕಾನೂನು ಹೇಳುವುದು ಯಾರಿಗೂ ಬರುತ್ತದೆ.

ಬಿ.ಎ. ಹುಡುಗ ಸೆಲ್ಯೂಟ್ ಹೊಡೆದು ನಿಂತ.

"ಈಯಮ್ಮ ಯಾಕೆ ಇಲ್ಲಿದಾಳೆ?"

"ಅರೆಸ್ಟ್ ಮಾಡಿಲ್ಲ ಸಾರ್. ಸುಮ್ನೆ ಕೂರಿಸಿದೀನಿ, ವಿಚಾರಣೆಗೆ."

"ಏನು ಬರೆದಿದ್ದೀಯ?"

"ಏನೂ ಬರೆದಿಲ್ಲ ಸಾರ್. ಬರೆದ್ರೆ ಇಪ್ಪತ್ನಾಲ್ಕು ಗಂಟೆ ಶುರುವಾಗುತ್ತಲ್ಲ ಸಾರ್."

ಅವನು ಅದನ್ನು ಹೇಳಿದ ರೀತಿ ನೋಡಬೇಕಿತ್ತು. ಪಾಠ ಎಷ್ಟು ಚೆನ್ನಾಗಿ ಕಲಿತಿದ್ದೇನೆ ನೋಡಿ ಎನ್ನುವ ಹಾಗೆ. ಸಾಹೇಬರು ಅವನಿಗೆ ಬೈಯುತ್ತಾರೆಂದು ನಾನು ಕಾದೆ. ಬೈಯಲಿಲ್ಲ. ಅವಳ ಕಡೆ ತಿರುಗಿ, "ಏಳಮ್ಮ. ಮನೆಗೆ ಹೋಗಬೇಕು ಅನ್ನಿಸಿದ್ರೆ ಹೋಗು," ಎಂದರು.

ಅವಳು ಎದ್ದು ಸೆರಗು ಸರಿಮಾಡಿಕೊಂಡು ಬಾಗಿಲಿಗೆ ನಡೆದಳು. ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ ಯೋಚನೆಯೇ ಇಲ್ಲದೆ ಕೈ ಅಡ್ಡ ಹಿಡಿದ.

"ನೋಡು," ಎಂದರು ಹುಡುಗನಿಗೆ. "ಆ ಕೈ ಅಡ್ಡ ಬಂದಾಗಲೇ ಅರೆಸ್ಟು. ಹೊತ್ತು ಅಲ್ಲಿಂದ ಓಡುತ್ತೆ, ನಿನ್ನ ಪೆನ್ನಿಂದಲ್ಲ. ಕೆನ್ನೆ ಯಾಕೆ ಊದಿದೆ?"

ಹುಡುಗ ಬಾಗಿಲಲ್ಲಿದ್ದವನಿಗೆ ಕೈ ಇಳಿಸಲು ಸನ್ನೆ ಮಾಡಿದ.

ಅಷ್ಟರಲ್ಲಿ ಅವರ ಹೆಂಡತಿ ಬಂದರು. ಕ್ವಾರ್ಟರ್ಸು ಪಕ್ಕದಲ್ಲೇ. "ಬಂದ್ರಾ? ಕೇಳಿ ಅವಳನ್ನ! ನಮ್ಮಮ್ಮ ಕೊಟ್ಟಿದ್ದು ಅದು, ಇನ್ನೊಂದು ಜೊತೆ ಮಾಡಿಸಿಕೊಡೋ ಯೋಗ್ಯತೆ ಇದೆಯಾ ನಿಮಗೆ?" ಎಂದು ಶುರುಮಾಡಿದರು.

ಸಾಹೇಬರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. "ನೀವು ಫಿರ್ಯಾದಿ. ಹೊರಗೆ ಬೆಂಚಿನ ಮೇಲೆ ಕೂತ್ಕೊಳ್ಳಿ. ಕರೀತಾರೆ."

ಅವರು ಹೆಂಡತಿಯನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲಿರಬೇಕು. ಆಕೆ ಗಂಡನನ್ನೇ ನೋಡಿದರು. "ಫಿರ್ಯಾದಿನಾ? ಮನೆಗೆ ಬನ್ನಿ, ಫಿರ್ಯಾದಿ ಯಾರು ಅಂತ ತೋರಿಸ್ತೀನಿ," ಎಂದರು. ಆದರೆ ಹೋಗಿ ಬೆಂಚಿನ ಮೇಲೆ ಕೂತರು. ಆಕೆಯ ಬೋಳು ಕಿವಿ ನೋಡಿ ನನಗೆ ಆಕೆಯ ಮೇಲೂ ಕನಿಕರ ಬಂತು. ಕಳೆದುಕೊಂಡವರು ಅವರೇ ತಾನೇ.

ಆಮೇಲೆ ಸಾಹೇಬರು ಹೇಳಿದ್ದು ಇಷ್ಟು. ಇದು ತನ್ನ ಮನೆಯ ಕೇಸು, ತಾನಾಗಲಿ ತನ್ನ ಠಾಣೆಯವರಾಗಲಿ ವಿಚಾರಿಸಬಾರದು, ಬೇರೆ ಠಾಣೆಯವರು ಬಂದು ವಿಚಾರಿಸಲಿ. ಇಲ್ಲಿಯವರೆಗೆ ಅವಳ ಮೇಲೆ ಸಾಕ್ಷಿ ಎಂದು ಇರುವುದು ಪೆಟ್ಟು ತಿಂದು ಆಡಿದ ಮಾತು ಮಾತ್ರ. ಅದರ ಮೇಲೆ ಅವಳನ್ನು ಇನ್ನು ಒಂದು ಗಳಿಗೆಯೂ ಇಟ್ಟುಕೊಳ್ಳುವ ಹಾಗಿಲ್ಲ. ಕರೆದಾಗ ಬರುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟು ಹೋಗಲಿ, ಒಬ್ಬರು ಜಾಮೀನು ನಿಲ್ಲಲಿ.

ಯಾರು ನಿಲ್ಲುತ್ತಾರೆ? ಬೀದಿಯಲ್ಲಿ ನೆರೆದಿದ್ದವರು ಒಬ್ಬೊಬ್ಬರಾಗಿ ಕರಗಿದರು. ಜಾಮೀನು ಇಲ್ಲದಿದ್ದರೆ ಅವಳನ್ನು ಸಾಗರಕ್ಕೆ, ಮ್ಯಾಜಿಸ್ಟ್ರೇಟರ ಹತ್ತಿರ ಕಳಿಸಬೇಕು. ಅಲ್ಲಿಂದ ಜೈಲಿಗೆ ಹೋದರೆ ಬಿಡಿಸಲು ಅವಳಿಗೆ ಯಾರಿದ್ದಾರೆ? ಸಾಹೇಬರು ನನ್ನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ.

"ನಾ ನಿಲ್ತೀನಿ," ಎಂದೆ.

"ಯೋಚನೆ ಮಾಡಿದೀರಾ? ಅವಳು ಓಡಿಹೋದ್ರೆ ನಿಮ್ಮ ಕುತ್ತಿಗೆಗೆ ಬರುತ್ತೆ."

"ಎಲ್ಲಿಗೆ ಓಡ್ತಾಳೆ? ಅವಳ ಊರು ನೀರಲ್ಲಿದೆ."

ಸಹಿ ಹಾಕಿದೆ. ಕರುಣೆಯಿಂದ ನಿಂತೆ ಎಂದು ಯಾರೂ ತಿಳಿಯಬೇಡಿ. ಅವಳು ಕಳ್ಳಿ ಎಂದು ಅಲ್ಲಿದ್ದವರಲ್ಲಿ ಖಾತ್ರಿಯಾಗಿ ಗೊತ್ತಿದ್ದವಳು ನಾನು. ಆದರೆ ಆ ಮನುಷ್ಯ ತನ್ನ ಹೆಂಡತಿಯನ್ನೇ ಬೆಂಚಿನ ಮೇಲೆ ಕೂರಿಸಿದ ಮೇಲೆ, ಒಂದು ಜಾಮೀನಿಗೆ ಜನ ಸಿಗದೆ ಅದೆಲ್ಲ ಸುಮ್ಮನೆ ಹೋಗುವುದು ನನಗೆ ಒಪ್ಪಲಿಲ್ಲ.

ಅದೇ ದಿನ ಅವರು ಮೇಲಿನವರಿಗೆ ವರದಿ ಕಳಿಸಿದರು. ಹುಡುಗನ ತಪ್ಪು ಬರೆದು, ಅವನಿಗೆ ಪಾಠ ಹೇಳಿದವನು ನಾನೇ, ಠಾಣೆಯೂ ನನ್ನದೇ ಎಂದು ತನ್ನನ್ನೂ ಸೇರಿಸಿದರಂತೆ. ಬೇರೆ ಠಾಣೆಯವರು ಬಂದು ವಿಚಾರಿಸಿದರು. ಏನೂ ಸಿಗಲಿಲ್ಲ, ಕೇಸು ಮುಚ್ಚಿತು. ಸಾಹೇಬರಿಗೆ ವರ್ಗವಾಯಿತು. ಕೊನೆಯವರೆಗೂ ಸಬ್ ಇನ್‌ಸ್ಪೆಕ್ಟರಾಗಿಯೇ ಇದ್ದರೆಂದು ಬಸ್ ಸ್ಟ್ಯಾಂಡಿನವನು ಹೇಳಿದ. ಬಿ.ಎ. ಹುಡುಗ ದೊಡ್ಡ ಅಧಿಕಾರಿಯಾಗಿ ನಿವೃತ್ತನಾದನಂತೆ. ಮುಂದೆ ಯಾರ ಕೆನ್ನೆಗೂ ಹೊಡೆಯಲಿಲ್ಲವೋ, ಅಥವಾ ಊದದ ಹಾಗೆ ಹೊಡೆಯಲು ಕಲಿತನೋ, ನಾನು ಹೇಗೆ ಹೇಳಲಿ?

ಊರು ಬಿಡುವಾಗ ಸಾಹೇಬರು ಮೆಸ್ಸಿಗೆ ಬಂದಿದ್ದರು. ತಡೆಯಲಾಗದೆ ಕೇಳಿದೆ, "ಒಂದ್ ಹೇಳಿ. ಅವಳೇ ತೆಗ್ದಿದ್ದು ಅಂತ ನಿಮ್ಗೆ ಅನ್ನಿಸಿರ್ಲಿಲ್ವಾ?"

ನಶ್ಯ ಏರಿಸಿ, ಸೀನಿ, ಮೂಗು ಒರೆಸಿಕೊಂಡರು. "ಅನ್ನಿಸಿತ್ತು. ಬಸ್ಸಿಳಿದು ನೀವು ಹೇಳಿದ ಕೂಡಲೇ ಅನ್ನಿಸ್ತು," ಎಂದರು. "ಅನ್ನಿಸಿದ್ದಕ್ಕೆಲ್ಲ ಬೀಗ ಹಾಕೋ ಹಾಗಿದ್ರೆ ಊರಲ್ಲಿ ಯಾರು ಹೊರಗಿರ್ತಾರೆ?"

"ಮನೇಲಿ ಎಂತ ಅಂದ್ರು?"

"ಮಾತಾಡ್ತಿಲ್ಲ," ಎಂದರು. ಅದನ್ನೂ ವರದಿ ಒಪ್ಪಿಸುವ ಹಾಗೆಯೇ ಹೇಳಿದರು. ಆ ಮೌನ ಎಷ್ಟು ವರ್ಷ ನಡೆಯಿತೋ ನನಗೆ ಗೊತ್ತಿಲ್ಲ. ಕೇಳಲು ಈಗ ಅವರೂ ಇಲ್ಲ.

ಇದೆಲ್ಲ ಆಮೇಲಿನದು. ಜಾಮೀನಿಗೆ ಸಹಿ ಹಾಕಿ ಮನೆಗೆ ಬಂದಾಗ ಸುದ್ದಿ ನನಗಿಂತ ಮೊದಲೇ ಅಡುಗೆಮನೆ ಸೇರಿತ್ತು. ಅತ್ತೆ ಒಲೆಯ ಮುಂದಿನಿಂದ ಏಳಲೂ ಇಲ್ಲ.

"ಕಳ್ಳಿಗೆ ಜಾಮೀನು ನಿಂತ್ಯಾ? ಶಭಾಷ್. ಅವಳು ಓಡಿಹೋದ್ರೆ ನಿನ್ ಗಂಡನ್ನ ಕರ್ಸಿ ಲಾಕಪ್ಪಲ್ಲಿ ಕೂರ್ಸು. ಊಟ ನಾನೇ ಕಳಿಸ್ತೀನಿ."

ಅವರ ಮಾತಿನಲ್ಲಿ ಅರ್ಥವಿತ್ತು. ಕರೆದಾಗ ಬರುತ್ತಾಳೆ ಎಂದು ಬರೆದುಕೊಟ್ಟವಳು ನಾನು. ಅವಳಿಗೆ ಇನ್ನು ಊರಲ್ಲಿ ಯಾರೂ ಕೆಲಸ ಕೊಡುವುದಿಲ್ಲ. ಕೆಲಸವಿಲ್ಲದವಳು ಗಂಡನ ಹಾಗೆ ಘಟ್ಟ ಇಳಿಯುತ್ತಾಳೆ.

ಮರುದಿನ ಬೆಳಿಗ್ಗೆ ಎದ್ದವಳೇ ಡಬ್ಬಿಯಲ್ಲಿದ್ದ ನನ್ನ ಚೂರುಪಾರು ಚಿನ್ನವನ್ನೆಲ್ಲ ಮೈಮೇಲೆ ಹಾಕಿಕೊಂಡೆ. ಮದುವೆಗೆ ಹೊರಟವಳ ಹಾಗೆ ಅವಳ ಬಿಡಾರಕ್ಕೆ ನಡೆದೆ. ಅವಳು ನನ್ನ ಕಿವಿ, ಮೂಗು, ಕುತ್ತಿಗೆ ನೋಡಿ ನಕ್ಕಳು. "ನಗಬೇಡ. ಬಾ, ಪಾತ್ರೆ ತೊಳಿ," ಎಂದು ಕರೆದುಕೊಂಡು ಬಂದೆ.

ತಿಂಡಿಯ ಹೊತ್ತಿಗೆ ಬಿ.ಎ. ಹುಡುಗ ಬಂದು ಕೂತ. ಎರಡನೆಯ ದೋಸೆ ಮುರಿಯುವಾಗ ಹಿತ್ತಲ ಕಡೆ ಕಣ್ಣು ಹೋಯಿತು.

"ಅಕ್ಕಾ, ಅವಳು ಯಾಕೆ ಇಲ್ಲಿ?"

"ಪಾತ್ರೆ ತೊಳೀತಿದಾಳೆ. ತಿಂದು ತಟ್ಟೆ ಅವಳ ಕೈಗೆ ಕೊಟ್ಟು ಹೋಗು."

ಉಳಿದ ದೋಸೆ ಮುಗಿಸಿ ಎದ್ದು ತಟ್ಟೆ ಹಿಡಿದು ಹಿತ್ತಲಿಗೆ ಹೋದ. ಅವಳು ಒದ್ದೆ ಕೈ ಚಾಚಿ ತೆಗೆದುಕೊಂಡಳು. ನಾನು ಕಾವಲಿಗೆ ಎಣ್ಣೆ ಸವರಿ ಮುಂದಿನ ದೋಸೆ ಹೊಯ್ದೆ.